ಅಭ್ಯಾಸ ಎಲ್ಲಿ ನಡೆಯುತ್ತದೆ?

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಜಾಕಿ ಚಾನ್ ಬಗ್ಗೆ, ರಾಮೋನ್ಸ್ ಎಂಬ ಪಂಕ್ (ಸರಳ, ವೇಗದ ರಾಕ್) ಬ್ಯಾಂಡ್ ಬಗ್ಗೆ ಅಕ್ಕಪಕ್ಕದಲ್ಲೇ ಲೇಖನ ಹಾಕಿದ್ದೀರಿ. ಒಬ್ಬರು ಚಿಕ್ಕಂದಿನಿಂದ ಗುರುವಿನ ಕೈಕೆಳಗೆ ಪಳಗಿದವರು. ಆ ನಾಲ್ವರು ಸರಿಯಾಗಿ ಕಲಿಯದೇ ವೇದಿಕೆ ಹತ್ತಿದವರು, ದೊಡ್ಡ ಹಿಟ್ ಒಂದನ್ನೂ ಕೊಡದವರು. ಇಬ್ಬರನ್ನೂ ಸಮ ಮಾಡಿದ್ದು ಸರಿಯಾ? ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಇದನ್ನು ಓದಿ ‘ಅಭ್ಯಾಸ ಯಾಕೆ ಬೇಕು’ ಅಂದರೆ ಏನು ಹೇಳಲಿ?”
– ಸಂಗೀತ ಶಿಕ್ಷಕರೊಬ್ಬರು, ಶಿವಮೊಗ್ಗ

ಮೇಷ್ಟ್ರೇ, ನಮಸ್ಕಾರ.

ಸಿಟ್ಟಿನಲ್ಲೇ ಬರೆದಿದ್ದೀರಿ, ಆದರೆ ಎರಡೂ ಲೇಖನ ಪೂರ್ತಿ ಓದಿ ಬರೆದಿದ್ದೀರಿ. ಸಂಪಾದಕನಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು? ಹಾಗಾಗಿ ಉತ್ತರವೂ ಸ್ವಲ್ಪ ಉದ್ದವೇ ಇರಲಿ.

ಅಕ್ಕಪಕ್ಕ ಹಾಕಿದ್ದು ಬೇಕೆಂದೇ. ಇವರಲ್ಲಿ ಅಭ್ಯಾಸ ಇಲ್ಲದವರು ಯಾರೂ ಇಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. ಒಬ್ಬರ ಅಭ್ಯಾಸ ವೇದಿಕೆ ಹತ್ತುವ ಮೊದಲು ನಡೆಯಿತು. ಇನ್ನೊಬ್ಬರದು ವೇದಿಕೆ ಮೇಲೇ, ಜನರ ಕಣ್ಣೆದುರೇ ನಡೆಯಿತು.

ಮೊದಲು ಚಾನ್ ವಿಷಯ. ಹುಟ್ಟಿದ್ದು 1954ರಲ್ಲಿ, ಹಾಂಕಾಂಗ್‌ನಲ್ಲಿ. ಅಪ್ಪ ಅಡುಗೆ ಕೆಲಸದವರು. ಅವರು ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋದರು, ಮಗನನ್ನು ಯು ಜಿಮ್-ಯೂನ್ ಎಂಬ ಗುರುಗಳ ಪೆಕಿಂಗ್ ಒಪೆರಾ (ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕ) ಶಾಲೆಗೆ ಬಿಟ್ಟರು. ಹಾಡು, ಕುಣಿತ, ಲಾಗ, ಕತ್ತಿವರಸೆ, ಜೊತೆಗೆ ಬೆತ್ತದ ಏಟು. ಹತ್ತು ವರ್ಷ ಇದೇ. ನೀವು ಹೇಳುವ ಗುರುಕುಲ ಇದೇ, ನಿಜ. ಆದರೆ ವಿದ್ಯೆ ಮುಗಿಸಿ ಹೊರಗೆ ಬಂದಾಗ ಆ ಒಪೆರಾ ನೋಡುವವರೇ ಕಡಿಮೆಯಾಗಿದ್ದರು. ಹುಡುಗ ಸಿನಿಮಾದಲ್ಲಿ ಸ್ಟಂಟ್ ಮಾಡಲು ಸೇರಿಕೊಂಡ. ಬ್ರೂಸ್ ಲೀ ಅವರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಏಟು ತಿಂದು ಬೀಳುವವರಲ್ಲಿ ಅವನೂ ಒಬ್ಬ. ಆಮೇಲೆ ಕೆಲಸ ಸಿಗದೆ ಕ್ಯಾನ್‌ಬೆರಾದಲ್ಲಿ ಅಪ್ಪ ಅಮ್ಮನ ಹತ್ತಿರ ಹೋಗಿ ಕಟ್ಟಡದ ಕೂಲಿ ಮಾಡಿದ.

ಬ್ರೂಸ್ ಲೀ 1973ರ ಜುಲೈನಲ್ಲಿ ತೀರಿಕೊಂಡಿದ್ದರು. ಹಾಂಕಾಂಗ್‌ನ ನಿರ್ಮಾಪಕರೆಲ್ಲ ಇನ್ನೊಬ್ಬ ಬ್ರೂಸ್ ಲೀಗಾಗಿ ಹುಡುಕುತ್ತಿದ್ದರು. 1976ರಲ್ಲಿ ನಿರ್ದೇಶಕ ಲೋ ವೀ ಈ ಹುಡುಗನನ್ನು ಕರೆಸಿ ಅದೇ ಅಚ್ಚಿಗೆ ಹಾಕಲು ನೋಡಿದರು. ಬಿಗಿದ ಮುಖ, ಕೆಂಡದಂಥ ಕಣ್ಣು, ಸೇಡು. ಒಂದಾದ ಮೇಲೊಂದು ಚಿತ್ರ ಸೋತಿತು. ಇಲ್ಲಿ ನೋಡಿ ಮೇಷ್ಟ್ರೇ, ಗುರು ಕಲಿಸಿದ್ದೆಲ್ಲ ಮೈಯಲ್ಲಿತ್ತು. ಆದರೂ ಸೋತಿತು. ಅದು ಅವರ ಮೈಯ ಸ್ವಭಾವಕ್ಕೆ ಒಗ್ಗಿದ ಪಾತ್ರ ಆಗಿರಲಿಲ್ಲ.

1978ರಲ್ಲಿ ಬೇರೆ ಸಂಸ್ಥೆಗೆ ಎರಡು ಚಿತ್ರಕ್ಕಾಗಿ ಅವರನ್ನು ಎರವಲು ಕೊಟ್ಟರು. ನಿರ್ದೇಶಕ ಯೂನ್ ವೂ-ಪಿಂಗ್. ಎರಡನೆಯದು ‘ಡ್ರಂಕನ್ ಮಾಸ್ಟರ್’. ಅದರಲ್ಲೊಂದು ದೃಶ್ಯವಿದೆ. ಶಿಷ್ಯ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಕೆಳಗಿನ ಬಕೆಟ್‌ನಿಂದ ಪುಟ್ಟ ಬಟ್ಟಲಲ್ಲಿ ನೀರು ಮೊಗೆದು, ಹೊಟ್ಟೆ ಬಿಗಿ ಹಿಡಿದು ಮೇಲೆದ್ದು, ಮೇಲಿನ ಬಕೆಟ್‌ಗೆ ಸುರಿಯಬೇಕು. ಮುಖದಲ್ಲಿ ನೋವು, ಹಠ, ಕಳ್ಳಾಟ ಎಲ್ಲ ಒಟ್ಟಿಗೆ. ನಗುತ್ತಲೇ ನಮ್ಮ ಹೊಟ್ಟೆಯೂ ಬಿಗಿಯಾಗುತ್ತದೆ. ಗುರುವಿನ ಬೆತ್ತದ ನೆನಪನ್ನೇ ಚಾನ್ ಇಲ್ಲಿ ನಗುವಾಗಿ ಮಾಡಿದರು ಅಂತ ನನಗನ್ನಿಸುತ್ತದೆ. ಏಟು ಬಿದ್ದರೆ ‘ಅಯ್ಯೋ’ ಅನ್ನುವ ನಾಯಕ ಹುಟ್ಟಿದ್ದು ಅಲ್ಲಿ.

‘ಪೊಲೀಸ್ ಸ್ಟೋರಿ’ಯಲ್ಲಿ (ನಮ್ಮ ಸಾಯಿಕುಮಾರ್ ಅವರದ್ದಲ್ಲ, 1985ರ ಹಾಂಕಾಂಗ್ ಚಿತ್ರ) ಮಾಲ್‌ನ ಮೇಲಿನ ಮಹಡಿಯಿಂದ ಕಂಬಕ್ಕೆ ಹಾರುತ್ತಾರೆ. ಅದಕ್ಕೆ ಸುತ್ತಿದ ದೀಪದ ಸರಗಳನ್ನು ಪಟಪಟ ಒಡೆಯುತ್ತಾ ಜಾರಿ, ಗಾಜಿನ ಮೇಲೆ ಬೀಳುತ್ತಾರೆ. ಕೈ ನಿಜವಾಗಿಯೂ ಸುಟ್ಟಿತ್ತು.

ಇನ್ನು ರಾಮೋನ್ಸ್. ನಿಮ್ಮ ಸಿಟ್ಟು ಇಲ್ಲೇ ಅಲ್ವಾ?

ಜೋಯಿ, ಜಾನಿ, ಡೀ ಡೀ, ಟಾಮಿ. ನ್ಯೂಯಾರ್ಕ್‌ನ ಫಾರೆಸ್ಟ್ ಹಿಲ್ಸ್ ಬಡಾವಣೆಯ ಹುಡುಗರು. ಅಣ್ಣತಮ್ಮಂದಿರಲ್ಲ, ರಾಮೋನ್ ಎಂಬ ಒಂದೇ ಅಡ್ಡಹೆಸರು ಇಟ್ಟುಕೊಂಡವರು. ಜಾನಿಯೂ ಕಟ್ಟಡದ ಕೆಲಸ ಮಾಡಿದವರೇ. ಆಗಿನ ರಾಕ್ ಸಂಗೀತದಲ್ಲಿ ಹತ್ತು ಹತ್ತು ನಿಮಿಷದ ಗಿಟಾರ್ ಸೋಲೋ (ಒಬ್ಬರೇ ನುಡಿಸುವ ಭಾಗ) ನಡೆಯುತ್ತಿತ್ತು. ಇವರಿಗೆ ಅದು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 1974ರಲ್ಲಿ ಸಿಬಿಜಿಬಿ ಎಂಬ ಬಾರಿನಲ್ಲಿ ಎರಡೆರಡು ನಿಮಿಷದ ಹಾಡು ಹಾಡಲು ಶುರು ಮಾಡಿದರು. 1976ರ ಮೊದಲ ಆಲ್ಬಮ್‌ನಲ್ಲಿ 14 ಹಾಡು, ಒಟ್ಟು 29 ನಿಮಿಷ. ಖರ್ಚು ಸುಮಾರು 6,400 ಡಾಲರ್.

ಈಗ ಜಾನಿಯ ಬಲಗೈ ಗಮನಿಸಿ. ಸಾಮಾನ್ಯವಾಗಿ ಗಿಟಾರ್ ನುಡಿಸುವವರು ತಂತಿಯನ್ನು ಕೆಳಗೂ ಮೇಲೂ ಮೀಟುತ್ತಾರೆ. ಕೈಗೆ ಸ್ವಲ್ಪ ಆರಾಮ. ಜಾನಿ ಕೆಳಗೆ ಮಾತ್ರ ಮೀಟುತ್ತಿದ್ದರು. ಪ್ರತಿ ಹೊಡೆತವೂ ಒಂದೇ ತೂಕದ್ದು. ಡೀ ಡೀ ‘ಒನ್ ಟೂ ತ್ರೀ ಫೋರ್’ ಎಂದು ಕೂಗಿದರೆ ಮುಂದಿನ ಹಾಡು ಶುರು, ಮಧ್ಯೆ ಉಸಿರಾಡಲೂ ಬಿಡುವಿಲ್ಲ. 1977ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಧ್ವನಿಮುದ್ರಿಸಿದ ಲೈವ್ ಆಲ್ಬಮ್ ಕೇಳಿ: 28 ಹಾಡು, ಒಂದು ಗಂಟೆಯೊಳಗೆ. ಸುಮ್ನೆ ಗದ್ದಲ ಮಾಡುವವರ ಕೈಲಿ ಇದು ಆಗುವ ಕೆಲಸವಲ್ಲ.

1976ರಲ್ಲಿ ಅವರು ಲಂಡನ್ನಿಗೆ ಹೋದಾಗ ಕ್ಲ್ಯಾಶ್ ಎಂಬ ಅಲ್ಲಿನ ಪಂಕ್ ಬ್ಯಾಂಡಿನ ಹುಡುಗರು ‘ನಮಗಿನ್ನೂ ಅಷ್ಟು ಚೆನ್ನಾಗಿ ಬರಲ್ಲ’ ಎಂದು ಹಿಂಜರಿದರಂತೆ. ಚೆನ್ನಾಗಿ ಬರೋವರೆಗೂ ಕಾಯಬೇಡಿ, ನುಡಿಸಿ ಅಂದರಂತೆ ಜಾನಿ. ನಿಮಗೆ ಭಯ ಹುಟ್ಟಿಸಿದ್ದು ಈ ಮಾತೇ ಇರಬೇಕು. ಆದರೆ ಹೇಳಿದವರು ಯಾರು ನೋಡಿ. 22 ವರ್ಷದಲ್ಲಿ 2,263 ಕಾರ್ಯಕ್ರಮ ಕೊಟ್ಟ ಬ್ಯಾಂಡಿನವರು. ವ್ಯಾನಿನಲ್ಲಿ ಊರೂರು ಸುತ್ತಿದರು. ಜೋಯಿಯ ಗೆಳತಿ ಅವರನ್ನು ಬಿಟ್ಟು ಜಾನಿಯನ್ನು ಮದುವೆಯಾದ ಮೇಲೆ ಇಬ್ಬರ ನಡುವೆ ಮಾತೇ ನಿಂತುಹೋಯಿತು. ಆದರೂ ವರ್ಷಗಟ್ಟಲೆ ಒಂದೇ ವೇದಿಕೆ ಹತ್ತಿದರು. ಅದನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಹಿಟ್ ಇಲ್ಲ ಅಂದಿರಿ. ಒಪ್ಪಿದೆ. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಅವರು ಮುಟ್ಟಿದ ಅತಿ ಮೇಲಿನ ಜಾಗ 44, ಅದೂ 1980ರಲ್ಲಿ ಒಂದೇ ಸಲ. ಮೊದಲ ಆಲ್ಬಮ್‌ಗೆ, ಮಾರಾಟ ನೋಡಿ ಕೊಡುವ ಗೋಲ್ಡ್ ಮನ್ನಣೆ ಸಿಕ್ಕಿದ್ದು 2014ರಲ್ಲಿ. ಆಗ ಜೋಯಿ, ಡೀ ಡೀ, ಜಾನಿ ಮೂವರೂ ಬದುಕಿರಲಿಲ್ಲ. ಟಾಮಿ ಅದೇ ವರ್ಷ ಜುಲೈನಲ್ಲಿ ಹೋದರು. ಚಾನ್ ಅವರಿಗೆ ಕಾಲ ಕೂಡಿಬಂತು. 1980ರಲ್ಲಿ ಹಾಲಿವುಡ್‌ನಲ್ಲಿ ಮಾಡಿದ ಮೊದಲ ಪ್ರಯತ್ನ ಫಲಿಸಿರಲಿಲ್ಲ. 1996ರ ಫೆಬ್ರವರಿಯಲ್ಲಿ ‘ರಂಬಲ್ ಇನ್ ದ ಬ್ರಾಂಕ್ಸ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಆಗಸ್ಟ್ 6ರಂದು ರಾಮೋನ್ಸ್ ಹಾಲಿವುಡ್‌ನಲ್ಲೇ ಕೊನೆಯ ಕಾರ್ಯಕ್ರಮ ಕೊಟ್ಟು ಮುಗಿಸಿದರು. ಚಾನ್ ಮುಂದೆ ‘ದ ಮಿಥ್’ ಚಿತ್ರಕ್ಕಾಗಿ ನಮ್ಮ ಹಂಪಿಗೂ ಬಂದರು, 2016ರಲ್ಲಿ ಗೌರವ ಆಸ್ಕರ್ ಪಡೆದರು. ಸಿಕ್ಕ ಫಲದಲ್ಲಿ ಅಜಗಜಾಂತರ ಇದೆ. ಹಾಕಿದ ದುಡಿಮೆಯಲ್ಲಿ ನನಗೆ ಆ ಅಂತರ ಕಾಣುವುದಿಲ್ಲ, ಹಾಗಾಗಿ ಇಬ್ಬರಿಗೂ ಅಷ್ಟಷ್ಟೇ ಪುಟ ಕೊಟ್ಟೆವು.

ಮಕ್ಕಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಏನೂ ಹೇಳಬೇಡಿ. ಗಿಟಾರ್ ಇರುವ ಮಗುವಿಗೆ ಆ ಲೈವ್ ಆಲ್ಬಮ್ ಹಾಕಿ, ಅದೇ ವೇಗದಲ್ಲಿ, ಕೆಳಗೆ ಮಾತ್ರ ಮೀಟುತ್ತಾ ಮೂರು ಹಾಡು ನುಡಿಸು ಅನ್ನಿ. ಮುಂಗೈ ಸೋತು ಬಂದ ಮೇಲೆ ‘ಅಭ್ಯಾಸ ಯಾಕೆ ಬೇಕು’ ಅಂತ ಇನ್ನೊಮ್ಮೆ ಕೇಳಲಿ. ಏನಂದರು ಅಂತ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇವೆ.

– ಸಂ.