ಸ್ಮ್ಯಾಶ್ ಹೊಡೆಯುವ ಭುಜದ ನೋವು: ಮೂಳೆ ಕೆರೆಸಲೇಬೇಕೇ?

ಕ್ರೀಡಾ ವೈದ್ಯರೊಂದಿಗೆ ಓದುಗರ ಪ್ರಶ್ನೋತ್ತರ

ಪ್ರಶ್ನೆ: ನನಗೆ 24 ವರ್ಷ, ವಾಲಿಬಾಲ್ ಅಟ್ಯಾಕರ್. ಬೇಸಿಗೆಯಲ್ಲಿ ನಮ್ಮ ಕಡೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ವಾರಕ್ಕೆ ಎರಡು ರಾತ್ರಿ ಆಡುತ್ತೇನೆ. ಸ್ಮ್ಯಾಶ್‌ಗೆಂದು ಕೈ ಹಿಂದಕ್ಕೆಳೆದಾಗ ಬಲ ಭುಜದಲ್ಲಿ ಚುಚ್ಚಿದಂತಾಗಲು ಶುರುವಾಗಿ ಎಂಟು ತಿಂಗಳಾಯಿತು. ಮಾತ್ರೆ, ಮುಲಾಮು, ಎರಡು ವಾರದ ವಿಶ್ರಾಂತಿ ಎಲ್ಲವೂ ಆಗಿದೆ. ಎಂಆರ್‌ಐ ವರದಿಯಲ್ಲಿ ‘ಇಂಪಿಂಜ್‌ಮೆಂಟ್, ಸುಪ್ರಾಸ್ಪೈನೇಟಸ್ ಭಾಗಶಃ ಹರಿದಿದೆ’ ಎಂದಿದೆ. ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕೆರೆಸಿದರೆ ಸರಿಹೋಗುತ್ತದೆಯಂತೆ. ಮಾಡಿಸಿಕೊಳ್ಳಲೇ? (ಉಡುಪಿ ಜಿಲ್ಲೆಯ ಓದುಗರು)

ಉತ್ತರ: ಈಗಲೇ ಬೇಡ. ಎಂಟು ತಿಂಗಳು ನೋವು ಉಂಡಿದ್ದೀರಿ ನಿಜ, ಆದರೆ ಅಷ್ಟು ದಿನಗಳಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಕಣ್ಣೆದುರಿಗೆ ಕ್ರಮವಾಗಿ ವ್ಯಾಯಾಮ ನಡೆದಂತೆ ನಿಮ್ಮ ಪತ್ರದಿಂದ ಕಾಣುವುದಿಲ್ಲ. ಮಾತ್ರೆ, ಮುಲಾಮು, ವಿಶ್ರಾಂತಿ ಇವು ಮೂರೂ ಸೇರಿ ಚಿಕಿತ್ಸೆಯಾಗುವುದಿಲ್ಲ.

ಇಂಪಿಂಜ್‌ಮೆಂಟ್ ಎಂದರೆ ಎರಡರ ನಡುವೆ ಸಿಕ್ಕಿ ಒತ್ತಿಸಿಕೊಳ್ಳುವುದು. ಭುಜಕ್ಕೆ ಸೂರಿನಂತಿರುವ ಅಕ್ರೋಮಿಯನ್ ಮೂಳೆಗೂ ತೋಳಿನ ಮೂಳೆಯ ದುಂಡನೆಯ ತಲೆಗೂ ನಡುವಿನ ಇಕ್ಕಟ್ಟಿನಲ್ಲಿ ಸುಪ್ರಾಸ್ಪೈನೇಟಸ್ ಸ್ನಾಯುರಜ್ಜು ಹಾದುಹೋಗುತ್ತದೆ. ಕೈ ಎತ್ತಿದಾಗ ಅದು ಸೂರಿಗೆ ಉಜ್ಜುತ್ತದೆ ಎಂಬ ತಿಳಿವಳಿಕೆಯಿಂದ ಅಮೆರಿಕದ ಚಾರ್ಲ್ಸ್ ನೀರ್ 1972ರಲ್ಲಿ ಅಕ್ರೋಮಿಯನ್‌ನ ಮುಂಭಾಗದ ಅಡಿಯನ್ನು ಕೆತ್ತಿ ತೆಗೆಯುವ ವಿಧಾನವನ್ನು ವಿವರಿಸಿದರು. ನಿಮಗೆ ಹೇಳಿರುವುದು ಅದರ ಕೀಹೋಲ್ ರೂಪ. ಆದರೆ ಕೈಯನ್ನು ತಲೆಯ ಮಟ್ಟಕ್ಕೆತ್ತಿ ಹಿಂದಕ್ಕೆ ಬಾಗಿಸಿ ಹೊಡೆಯುವವರಲ್ಲಿ ಒತ್ತು ಬೀಳುವ ಜಾಗ ಎಷ್ಟೋ ಸಲ ಬೇರೆಯೇ ಆಗಿರುತ್ತದೆ: ಸ್ನಾಯುರಜ್ಜುವಿನ ಒಳಮೈ ಕೀಲಿನ ಬಟ್ಟಲಿನ ಹಿಂದಿನ ಮೇಲಂಚಿಗೆ ತಾಗುತ್ತದೆ. 1992ರಲ್ಲಿ ಫ್ರಾನ್ಸಿನ ಜಿಲ್ ವಾಲ್ಷ್ ಮತ್ತು ಸಂಗಡಿಗರು ವಿವರಿಸಿದ ಈ ಒಳ ಇಂಪಿಂಜ್‌ಮೆಂಟ್‌ನಲ್ಲಿ ನೋವು ಹೆಚ್ಚಾಗಿ ಭುಜದ ಹಿಂಭಾಗದಲ್ಲಿ, ಅದೂ ನೀವು ಬರೆದಿರುವಂತೆ ಕೈ ಹಿಂದಕ್ಕೆಳೆದ ಕ್ಷಣದಲ್ಲೇ ಬರುತ್ತದೆ. ಅಂಥವರಿಗೆ ಸೂರು ಕೆರೆದು ಏನು ಪ್ರಯೋಜನ? ನಿಮ್ಮ ನೋವು ಮುಂದೆಯೋ ಹಿಂದೆಯೋ ಎಂಬುದನ್ನು ವೈದ್ಯರು ಬೆರಳಿಟ್ಟು ಪರೀಕ್ಷಿಸಲೇಬೇಕು.

ವರದಿಯ ‘ಹರಿದಿದೆ’ ಎಂಬ ಪದಕ್ಕೆ ಹೆದರಬೇಡಿ. ಯಾವ ನೋವೂ ಇಲ್ಲದ, ಕೈ ಮೇಲೆತ್ತಿ ಹೊಡೆಯುವ ಅಥವಾ ಎಸೆಯುವ 20 ಮಂದಿ ಆಟಗಾರರ ಭುಜಗಳನ್ನು ಎಂಆರ್‌ಐ ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅವರಲ್ಲಿ 8 ಮಂದಿಯ ಆಡುವ ಕೈಯ ಭುಜದಲ್ಲಿ ರಜ್ಜು ಹರಿದಿರುವುದು ಕಂಡಿತ್ತು, ಇನ್ನೊಂದು ಭುಜದಲ್ಲಿ ಯಾರಿಗೂ ಇರಲಿಲ್ಲ. ಐದು ವರ್ಷ ಕಳೆದ ಮೇಲೂ ಅವರಿಗೆ ತೊಂದರೆ ಕಾಣಿಸಿಕೊಂಡಿರಲಿಲ್ಲ. ವರ್ಷಗಟ್ಟಲೆ ಹೊಡೆದ ಭುಜದಲ್ಲಿ ಸವೆತದ ಗುರುತು ಇದ್ದೇ ಇರುತ್ತದೆ.

ಮೂಳೆ ಕೆರೆಯುವುದರ ಫಲವನ್ನು ಬ್ರಿಟನ್‌ನ 32 ಆಸ್ಪತ್ರೆಗಳಲ್ಲಿ 313 ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಕೆಲವರಿಗೆ ಮೂಳೆ ಕೆರೆದರು, ಕೆಲವರಿಗೆ ಕ್ಯಾಮೆರಾ ಒಳಗಿಟ್ಟು ನೋಡಿ ಏನೂ ಮಾಡದೆ ಹೊಲಿದರು, ಉಳಿದವರಿಗೆ ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲ. ಮೊದಲ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆಯಿಲ್ಲದವರಿಗಿಂತ ಅವರು ತುಸು ಮೇಲಾಗಿದ್ದರೂ ರೋಗಿಗೆ ಅನುಭವಕ್ಕೆ ಬರುವಷ್ಟಲ್ಲ. ಇವರು ಆಟಗಾರರಲ್ಲ ಎಂಬ ಆಕ್ಷೇಪ ಸರಿಯೇ, ಆದರೆ ಆಟಗಾರರ ಲೆಕ್ಕ ಇನ್ನೂ ನಿರಾಶಾದಾಯಕ. ತೆರೆದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ, 1985ರಲ್ಲಿ, ಅಮೆರಿಕದಿಂದ ಬಂದ ವರದಿಯ ಪ್ರಕಾರ ಬಹುತೇಕ ಆಟಗಾರರ ನೋವು ತಗ್ಗಿತ್ತು, ಆದರೆ ಚೆಂಡೆಸೆಯುವ 18 ಮಂದಿಯಲ್ಲಿ ಹಿಂದಿನ ಮಟ್ಟಕ್ಕೆ ಮರಳಿದವರು ನಾಲ್ವರೇ. ನೋವು ಹೋಗುವುದು ಬೇರೆ, ಸ್ಮ್ಯಾಶ್ ಮರಳಿ ಬರುವುದು ಬೇರೆ. ನಿಮಗೆ ಬೇಕಿರುವುದು ಎರಡನೆಯದು.

ಇಂದು ಮನೆಯಲ್ಲೇ ಒಂದು ಕೆಲಸ ಮಾಡಿ. ಅಂಗಿ ತೆಗೆದು ನಿಂತು, ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು, ನಿಧಾನವಾಗಿ ಎತ್ತಿ ಇಳಿಸುವುದನ್ನು ಬೆನ್ನ ಹಿಂದಿನಿಂದ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಇಳಿಸುವಾಗ ಬಲಗಡೆಯ ರೆಕ್ಕೆಮೂಳೆಯ ಒಳ ಅಂಚು ಬೆನ್ನಿನಿಂದ ಎದ್ದು ನಿಂತರೆ ಅಥವಾ ಗಕ್ಕನೆ ಜಾರಿದರೆ, ಅದನ್ನು ಹಿಡಿದಿಡುವ ಸೆರೇಟಸ್ ಮತ್ತು ಕೆಳ ಟ್ರಪೀಜಿಯಸ್ ಸ್ನಾಯುಗಳು ಸೋತಿರುವ ಸಾಧ್ಯತೆ ಹೆಚ್ಚು. ಆಮೇಲೆ ಅಂಗಾತ ಮಲಗಿ, ತೋಳನ್ನು ಭುಜದ ನೇರಕ್ಕೆ ಚಾಚಿ, ಮೊಣಕೈ ಮಡಚಿ, ಅಂಗೈ ಕಾಲಿನ ಕಡೆಗೆ ಎಷ್ಟು ಇಳಿಯುತ್ತದೆಂದು ಎರಡೂ ಕೈಗಳಲ್ಲಿ ಹೋಲಿಸಿ. ಹೊಡೆಯುವ ಕೈಯಲ್ಲಿ 20 ಡಿಗ್ರಿಯಷ್ಟು ಕಡಿಮೆಯಾಗಿದ್ದರೆ ಭುಜದ ಹಿಂಭಾಗ ಬಿಗಿದುಕೊಂಡಿದೆ ಎಂದರ್ಥ. ಈ ವಿಡಿಯೋವನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಹಿಂಭಾಗವನ್ನು ಸಡಿಲಿಸುವ, ರೆಕ್ಕೆಮೂಳೆಯನ್ನು ಹಿಡಿದಿಡುವ, ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಕನಿಷ್ಠ ಮೂರು ತಿಂಗಳು ಮಾಡಿ. ಆ ಅವಧಿಯಲ್ಲಿ ಪಾಸ್, ಡಿಫೆನ್ಸ್ ಆಡಬಹುದು, ಸ್ಮ್ಯಾಶ್ ಬೇಡ. ನೋವಿನಿಂದ ವ್ಯಾಯಾಮವೇ ಆಗದಿದ್ದರೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ನೆರವಾಗಬಹುದು, ಆದರೆ ಪಂದ್ಯ ಆಡುವುದಕ್ಕೋಸ್ಕರ ಅದನ್ನು ಚುಚ್ಚಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ರಜ್ಜು ಪೂರ್ತಿ ಹರಿದಿದ್ದರೆ ಅಥವಾ ಕೀಲು ಜಾರುತ್ತಿದ್ದರೆ ಕಾಯಬಾರದು. ಆರು ತಿಂಗಳ ನಿಷ್ಠೆಯ ವ್ಯಾಯಾಮವೂ ಸೋತರೆ ಶಸ್ತ್ರಚಿಕಿತ್ಸೆಯ ಮಾತು ನ್ಯಾಯವೇ. ಆಗಲೂ ‘ಏನನ್ನು ರಿಪೇರಿ ಮಾಡುತ್ತೀರಿ?’ ಎಂದು ಕೇಳಿ.

ಪ್ರಶ್ನೆ: ನಾನು ಬ್ಯಾಡ್ಮಿಂಟನ್ ಆಟಗಾರ್ತಿ, 29 ವರ್ಷ. ಆರು ತಿಂಗಳ ಫಿಸಿಯೋಥೆರಪಿ ಫಲಿಸದೆ ಕೀಹೋಲ್ ಶಸ್ತ್ರಚಿಕಿತ್ಸೆ ಆಯಿತು. ಉಬ್ಬಿದ್ದ ಬರ್ಸಾ (ರಜ್ಜುವಿಗೂ ಮೂಳೆಗೂ ನಡುವಿನ ದ್ರವದ ಚೀಲ) ತೆಗೆದು ಮೂಳೆ ಕೆರೆದಿದ್ದಾರೆ. ರಜ್ಜುವಿಗೆ ಹೊಲಿಗೆ ಹಾಕಿಲ್ಲ. ಐದು ವಾರವಾಗಿ ನೋವೇ ಇಲ್ಲ, ಆದರೂ ರ‍್ಯಾಕೆಟ್ ಮುಟ್ಟಲು ಬಿಡುತ್ತಿಲ್ಲ. ಇಷ್ಟು ಎಚ್ಚರ ಬೇಕೇ? (ಬೆಂಗಳೂರಿನ ಓದುಗರು)

ಉತ್ತರ: ಬೇಕು. ನೋವಿಲ್ಲದಿರುವುದಕ್ಕೆ ಒಂದು ಕಾರಣ ನೀವಿನ್ನೂ ಆ ಭುಜಕ್ಕೆ ಕೆಲಸ ಕೊಡದಿರುವುದು. ಹೊಲಿಗೆ ಇಲ್ಲದ ಕಾರಣ ನಿಮ್ಮ ಜೋಳಿಗೆ ಪಟ್ಟಿ ಕೆಲವೇ ದಿನಗಳಲ್ಲಿ ಕಳಚಿರುತ್ತದೆ, ಕೈ ಆಡಿಸುವುದು ಮೊದಲ ವಾರದಲ್ಲೇ ಶುರುವಾಗಿರುತ್ತದೆ. ಹೊಲಿಗೆ ಹಾಕಿದ್ದರೆ ಪಟ್ಟಿಯೇ ನಾಲ್ಕರಿಂದ ಆರು ವಾರ, ಬಲ ವ್ಯಾಯಾಮ ಮೂರು ತಿಂಗಳ ನಂತರ, ಆಟಕ್ಕೆ ಆರೇಳು ತಿಂಗಳು ಕಾಯಬೇಕಿತ್ತು. ನಿಮ್ಮ ವಿಷಯದಲ್ಲಿ ರಬ್ಬರ್ ಪಟ್ಟಿಯ ಬಲ ವ್ಯಾಯಾಮ ಆರನೇ ವಾರದ ಆಸುಪಾಸಿನಲ್ಲಿ ಆರಂಭವಾಗಿ, ರ‍್ಯಾಕೆಟ್ ಕೈಗೆ ಬರುವುದು ಹತ್ತು ಹನ್ನೆರಡು ವಾರಕ್ಕೆ. ಮೊದಲು ಸೊಂಟದ ಮಟ್ಟದ ಡ್ರೈವ್, ನೆಟ್ ಬಳಿಯ ಹೊಡೆತ, ನಂತರ ಅರ್ಧ ವೇಗದ ಕ್ಲಿಯರ್, ಡ್ರಾಪ್, ಸ್ಮ್ಯಾಶ್ ಕೊನೆಗೆ. ಒಂದು ದಿನ ಆಡಿದರೆ ಮರುದಿನ ಬಿಡುವು. ಮರುದಿನ ಬೆಳಿಗ್ಗೆ ಭುಜ ನೊಂದರೆ ಒಂದು ಮೆಟ್ಟಿಲು ಹಿಂದಕ್ಕೆ.

ಪಂದ್ಯಕ್ಕೆ ಇಳಿಯುವ ದಿನವನ್ನು ಕ್ಯಾಲೆಂಡರಿಗಿಂತ ಅಳತೆ ನಿರ್ಧರಿಸಲಿ. ಎರಡೂ ಭುಜಗಳ ಒಳ-ಹೊರ ತಿರುವಿನ ಒಟ್ಟು ಮೊತ್ತ ಹೆಚ್ಚುಕಡಿಮೆ ಸಮನಾಗಿರಬೇಕು, ಹೊರಕ್ಕೆ ತಿರುಗಿಸುವ ಬಲವು ಒಳಕ್ಕೆ ತಿರುಗಿಸುವ ಬಲದ ಮೂರನೇ ಎರಡು ಪಾಲಿಗಿಂತ ಕಡಿಮೆ ಇರಬಾರದು. ಕಾಲು, ಸೊಂಟಗಳನ್ನೂ ಮರೆಯಬೇಡಿ: ಸ್ಮ್ಯಾಶ್‌ನ ಶಕ್ತಿಯ ದೊಡ್ಡ ಪಾಲು ಅಲ್ಲಿಂದಲೇ ಮೇಲೇರುತ್ತದೆ, ಅಲ್ಲಿ ಕೊರತೆ ಬಿದ್ದದ್ದನ್ನು ಭುಜ ಮೈಮೇಲೆ ಎಳೆದುಕೊಳ್ಳುತ್ತದೆ. ಬಹುಶಃ ನಿಮ್ಮ ತೊಂದರೆ ಶುರುವಾದದ್ದೂ ಹಾಗೆಯೇ ಇರಬಹುದು, ತರಬೇತುದಾರರೊಡನೆ ಹಳೆಯ ವಿಡಿಯೋಗಳನ್ನು ನೋಡಿ.

ಪ್ರಶ್ನೆ: 13 ವರ್ಷದ ಮಗಳು ಈಜುತ್ತಾಳೆ, ಎರಡೂ ಭುಜ ನೋಯುತ್ತವೆ. ಶಸ್ತ್ರಚಿಕಿತ್ಸೆ ಬೇಕಾಗುತ್ತದೆಯೇ? (ಮೈಸೂರಿನ ತಾಯಿ)

ಉತ್ತರ: ಈ ವಯಸ್ಸಿನಲ್ಲಿ ಅದರ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ. ಕೆಲವು ವಾರ ಈಜುವ ದೂರವನ್ನು ತಗ್ಗಿಸಿ, ಕೈಗೆ ಕಟ್ಟುವ ಪ್ಯಾಡಲ್ ನಿಲ್ಲಿಸಿ, ಫ್ರೀಸ್ಟೈಲ್‌ನಲ್ಲಿ ಅವಳ ಕೈ ತಲೆಯ ನಡುಗೆರೆ ದಾಟಿ ನೀರಿಗಿಳಿಯುತ್ತಿದೆಯೇ ಎಂದು ತರಬೇತುದಾರರಿಗೆ ನೋಡಲು ಹೇಳಿ. ಕೀಲುಗಳು ಅತಿ ಸಡಿಲವಾಗಿವೆಯೇ ಎಂದು ಒಮ್ಮೆ ತೋರಿಸಿ. ಸಡಿಲವಿದ್ದರೆ ಭುಜವನ್ನು ಎಳೆದು ಹಿಗ್ಗಿಸುವ ವ್ಯಾಯಾಮಗಳನ್ನು ಅವಳಿಂದ ಮಾಡಿಸಲೇಬಾರದು.