ಬ್ಯಾಂಕು ಒಪ್ಪಿದೆ, ನಿಮ್ಮ ಲೆಕ್ಕ ಒಪ್ಪುತ್ತದೆಯೇ?

ಪ್ರಶ್ನೆ: ಮೇಡಂ, ನಾನೂ ನನ್ನ ಹೆಂಡತಿಯೂ ಕೆಲಸದಲ್ಲಿದ್ದೇವೆ. ಇಬ್ಬರ ಸಂಬಳ ಸೇರಿಸಿ ನೋಡಿ ಬ್ಯಾಂಕಿನವರು 20 ವರ್ಷದ ಗೃಹಸಾಲಕ್ಕೆ ಒಪ್ಪಿದ್ದಾರೆ. ಬಡ್ಡಿ ಶೇ. 9, ಏರಿಳಿಯುವ ದರ. ಇದುವರೆಗೆ ಕೂಡಿಟ್ಟಿದ್ದೆಲ್ಲ ಹಾಕಿದರೆ ನಾವು ಕೈಯಿಂದ ಕೊಡಬೇಕಾದ ಹಣಕ್ಕೆ ಸರಿಹೋಗುತ್ತದೆ. ಕಂತು ಈಗಿನ ಬಾಡಿಗೆಯ ಸುಮಾರು ಎರಡರಷ್ಟು. ಬರುವ ವರ್ಷ ಮಗುವಿನ ಯೋಚನೆಯೂ ಇದೆ. ‘ಬಾಡಿಗೆ ಕಟ್ಟೋದು ದಂಡ, ಬೇಗ ತಗೊಂಡುಬಿಡಿ’ ಅಂತಾರೆ ಎಲ್ಲರೂ. ಧೈರ್ಯ ಮಾಡಬಹುದೇ?

ಉತ್ತರ: ಈಗ ಬೇಡ. ಮನೆಯೇ ಬೇಡ ಅನ್ನುತ್ತಿಲ್ಲ, ಕೂಡಿಟ್ಟಿದ್ದೆಲ್ಲ ಹಾಕಿ ಈಗಲೇ ಕೊಳ್ಳುವುದು ಬೇಡ.

ಸಾಲ ವಿಭಾಗದಲ್ಲಿ ಮೇಜಿನ ಆ ಕಡೆ ಕೂತು ವರ್ಷಗಟ್ಟಲೆ ಅರ್ಜಿ ನೋಡಿದವಳು ನಾನು. ಸಂಬಳದ ಚೀಟಿ, ಬೇರೆ ಸಾಲಗಳ ಕಂತು, ಹಳೆಯ ಸಾಲ ತೀರಿಸಿದ ರೀತಿ, ಮನೆಯ ಕಾಗದಪತ್ರ, ಇಷ್ಟನ್ನು ನೋಡುತ್ತಿದ್ದೆವು. ನೀವು ಕಂತು ನಿಲ್ಲಿಸಿದರೂ ಮನೆ ಮಾರಿ ನಮ್ಮ ದುಡ್ಡು ವಸೂಲಾಗುತ್ತದೆಯೇ ಎಂಬುದು ನಮ್ಮ ಚಿಂತೆ. ತಿಂಗಳ ಕೊನೆಯ ವಾರ ನಿಮ್ಮ ಖಾತೆಯಲ್ಲಿ ಏನು ಉಳಿದಿರುತ್ತದೆ ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿ ಇರಲೇ ಇಲ್ಲ. ಬ್ಯಾಂಕು ಒಪ್ಪಿತು ಅಂದರೆ ಬ್ಯಾಂಕಿಗೆ ಭಯವಿಲ್ಲ ಅಂತ ಅಷ್ಟೇ.

ಬಾಡಿಗೆ ದಂಡ ಅನ್ನುವವರು ಬಡ್ಡಿಯನ್ನು ಮರೆತುಬಿಡುತ್ತಾರೆ. ಶೇ. 9ರ ದರ, 20 ವರ್ಷದ ಅವಧಿ ಅಂದರೆ ನಿಮ್ಮ ಮೊದಲ ಕಂತಿನ ನೂರು ಪಾಲಿನಲ್ಲಿ 83 ಪಾಲು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 17. ಅಸಲಿನಲ್ಲಿ ಅರ್ಧ ತೀರುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ! ಆದ್ದರಿಂದ ಬಾಡಿಗೆಯನ್ನು ಕಂತಿನ ಜೊತೆ ಹೋಲಿಸಬೇಡಿ. ಒಂದು ಕಡೆ ಬಾಡಿಗೆ ಬರೆಯಿರಿ, ಇನ್ನೊಂದು ಕಡೆ ಬಡ್ಡಿ, ಮನೆ ತೆರಿಗೆ, ರಿಪೇರಿ, ನಿರ್ವಹಣೆ. ನಾಲ್ಕೈದು ವರ್ಷದಲ್ಲಿ ಕೆಲಸದ ಮೇಲೆ ಬೇರೆ ಊರಿಗೆ ಹೋಗುವ ಸಂಭವವಿದ್ದರಂತೂ ಬಾಡಿಗೆಯೇ ಅಗ್ಗ ಬೀಳಬಹುದು, ಏಕೆಂದರೆ ಕೊಳ್ಳುವಾಗ ಮತ್ತು ಮಾರುವಾಗ ಆಗುವ ಖರ್ಚು ಎರಡೂ ನಿಮ್ಮ ತಲೆಗೇ ಬರುತ್ತವೆ.

ದರ ಏರಿಳಿಯುತ್ತದೆ ಎಂದು ನೀವೇ ಬರೆದಿದ್ದೀರಿ. ಶುರುವಿನಲ್ಲೇ ಅದು 9ರಿಂದ 10ಕ್ಕೆ ಏರಿತು, ಕಂತು ಮಾತ್ರ ಅಷ್ಟೇ ಇರಲಿ ಅಂದಿರಿ ಅಂತಿಟ್ಟುಕೊಳ್ಳಿ. 20 ವರ್ಷದ ಸಾಲ 26 ವರ್ಷ ದಾಟುತ್ತದೆ.

ಇನ್ನು ಉಳಿತಾಯ. ಮನೆಯ ಬೆಲೆ ಕೊಟ್ಟಾಯಿತು ಅಂದಕೂಡಲೇ ಖರ್ಚು ಮುಗಿಯುವುದಿಲ್ಲ. ನೋಂದಣಿ, ವಕೀಲರ ಫೀಸು, ಸಾಲದ ಸಂಸ್ಕರಣಾ ಶುಲ್ಕ, ಸಾಮಾನು ಸಾಗಣೆ, ಬಣ್ಣ, ಕಪಾಟು. ಕರ್ಟನ್ ರಾಡಿಗೂ ವೈಯಕ್ತಿಕ ಸಾಲ ತೆಗೆದವರನ್ನು ನಾನು ನೋಡಿದ್ದೇನೆ. ಎಲ್ಲ ಕೊಟ್ಟ ಮೇಲೂ ಕಂತು ಸೇರಿದಂತೆ ಆರು ತಿಂಗಳ ಮನೆಖರ್ಚು ಖಾತೆಯಲ್ಲಿರಬೇಕು. ಮಗುವಿನ ಯೋಚನೆ ಇರುವ ನಿಮಗೆ ಇನ್ನೂ ಸ್ವಲ್ಪ ಹೆಚ್ಚೇ ಇರಲಿ.

ಒಮ್ಮೆ ನಿಮ್ಮಂಥದೇ ಜೋಡಿಯೊಂದು ನನ್ನೆದುರು ಕೂತಿತ್ತು. ಗಂಡ ಸಹಿ ಹಾಕಲು ಪೆನ್ನು ತೆಗೆದಿದ್ದರು. ಹೆಂಡತಿ ಆ ಪೆನ್ನನ್ನು ಇಸಿದುಕೊಂಡು, ಅರ್ಜಿಯ ಜೆರಾಕ್ಸ್ ಪ್ರತಿಯನ್ನು ಮಗುಚಿ, ಹಿಂಬದಿಯಲ್ಲಿ ಗಂಡನ ಸಂಬಳ ಒಂದನ್ನೇ ಬರೆದರು. ಅದರಿಂದ ಕಂತು ಕಳೆದರು, ದಿನಸಿ ಕಳೆದರು, ಅತ್ತೆಯ ಔಷಧಿ ಕಳೆದರು. ಕರೆಂಟು ಬಿಲ್ಲಿನ ಹತ್ತಿರ ಬರುವಾಗ ಕಳೆಯಲು ಏನೂ ಉಳಿದಿರಲಿಲ್ಲ. “ಇದಕ್ಕಿಂತ ಒಂದು ರೂಮು ಕಡಿಮೆ ಇರೋ ಮನೆ ನೋಡಿದ್ರೆ ಕಂತು ಎಷ್ಟಾಗುತ್ತೆ ಮೇಡಂ?” ಅಂದರು. ಗಂಡನ ಮುಖ ಸಪ್ಪಗಾಯಿತು, ನಿಜ. ಆದರೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಆ ಮೇಜಿನ ಮುಂದೆ ಕೇಳಿದವರು ಕಮ್ಮಿ.

ನೀವೂ ಆ ಲೆಕ್ಕ ಹಾಕಿ, ಇಬ್ಬರ ಸಂಬಳವನ್ನೂ ಬೇರೆಬೇರೆಯಾಗಿ ಇಟ್ಟು. ಹೆರಿಗೆಯ ನಂತರ ಒಂದು ಸಂಬಳ ಕೆಲವು ತಿಂಗಳು ನಿಲ್ಲಬಹುದು ಅಥವಾ ಅರ್ಧವಾಗಬಹುದು.

ಆಮೇಲೆ ಒಂದು ಪರೀಕ್ಷೆ. ಮುಂದಿನ ಸಂಬಳದಿಂದಲೇ, ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸವನ್ನು, ನಿರ್ವಹಣೆಗೆ ಒಂದಿಷ್ಟು ಸೇರಿಸಿ, ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ತಿಂಗಳ ಕೊನೆಗೆ ಉಳಿದಿದ್ದನ್ನು ಹಾಕುವುದಲ್ಲ, ಮೊದಲೇ ಹಾಕುವುದು. ಆರು ತಿಂಗಳು ಆ ಖಾತೆ ಮುಟ್ಟದೆ, ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸದೆ ಸಂಸಾರ ನಡೆಯಿತೇ? ಹಾಗಾದರೆ ಈ ಕಂತು ನಿಮ್ಮ ಕೈಗೆ ಎಟುಕುತ್ತದೆ. ಮೂರನೇ ತಿಂಗಳಿಗೇ ಆ ದುಡ್ಡಿಗೆ ಕೈ ಹೋಯಿತೇ? ಚಿಕ್ಕ ಮನೆ ಹುಡುಕಿ, ಇಲ್ಲವೇ ಇನ್ನೊಂದು ವರ್ಷ ಕೂಡಿಡಿ. ಅಷ್ಟರಲ್ಲಿ ಬೆಲೆ ಏರಿಬಿಟ್ಟರೆ ಎಂದು ಕೇಳುತ್ತೀರಿ. ಏರಬಹುದು. ಆ ಭಯಕ್ಕೆ ಸಹಿ ಹಾಕಿದವರು ಆಮೇಲೆ ಕಂತು ಮುಂದೂಡಿ ಎಂದು ನಮ್ಮಲ್ಲಿಗೇ ಬರುತ್ತಿದ್ದರು.

ಪ್ರಶ್ನೆ: ಒಬ್ಬಳೇ ದುಡಿಯುತ್ತೇನೆ. ಕಾರಿನ ಸಾಲವಿದೆ, ಕ್ರೆಡಿಟ್ ಕಾರ್ಡಿನ ಬಾಕಿಯೂ ಇದೆ. ಇವನ್ನು ಇಟ್ಟುಕೊಂಡೇ ಮನೆ ಸಾಲಕ್ಕೆ ಅರ್ಜಿ ಹಾಕಲೇ?

ಉತ್ತರ: ಹಾಕಬೇಡಿ. ಮೊದಲು ಕಾರ್ಡು ತೀರಿಸಿ. ಅದರ ಬಡ್ಡಿ ಮನೆ ಸಾಲದ ಬಡ್ಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಕನಿಷ್ಠ ಮೊತ್ತ ಕಟ್ಟುತ್ತ ಹೋದರೆ ಬಾಕಿ ಬೇಗ ಕರಗುವುದಿಲ್ಲ. ಕಾರಿನ ಸಾಲ ಮುಗಿಯಲು ಕೆಲವೇ ಕಂತುಗಳಿದ್ದರೆ ಅದನ್ನೂ ಮುಗಿಸಿಕೊಳ್ಳಿ. ಸಾಲದ ಮೊತ್ತ ನಿರ್ಧರಿಸುವಾಗ ಬ್ಯಾಂಕು ಆ ಕಂತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈ ಮಧ್ಯೆ ಫೋನು, ಟೀವಿ ಎಂದು ಹೊಸ ಕಂತು ಶುರುಮಾಡಬೇಡಿ.