ಉಬುಂಟು ಮೇಲ್ದರ್ಜೆಗೇರಿಸಿದ ಮೇಲೆ ವೈಫೈ ಮಾಯವಾಗಿದ್ದರ ಬಗ್ಗೆ

ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮನ್ನು 22.04ನೇ ಆವೃತ್ತಿಯಿಂದ 24.04ಕ್ಕೆ ಏರಿಸಿದ ಮೇಲೆ ಸುರತ್ಕಲ್ಲಿನ ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಆಯ್ಕೆಯೇ ಕಾಣುತ್ತಿಲ್ಲ, ವೈಫೈ ಕಾರ್ಡು ಬ್ರಾಡ್‌ಕಾಮ್ ಕಂಪನಿಯದು, ಏನು ಮಾಡಲಿ ಎಂದು ಕೇಳಿದ್ದೀರಿ. ಕಾರ್ಡು ಕೆಟ್ಟಿರಲಾರದು. ಬ್ರಾಡ್‌ಕಾಮ್‌ನ ಕೆಲವು ಕಾರ್ಡುಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಉಬುಂಟುವಿನ ತಿರುಳಾದ ಕರ್ನೆಲ್‌ನ ಭಾಗವಾಗಿರುವುದಿಲ್ಲವಾದ್ದರಿಂದ, ಕರ್ನೆಲ್ ಬದಲಾದಾಗಲೆಲ್ಲ ಅದನ್ನು ಹೊಸದಕ್ಕೆ ಹೊಂದುವಂತೆ ಮತ್ತೆ ಸಿದ್ಧಪಡಿಸಬೇಕಾಗುತ್ತದೆ. ಅದು ತಪ್ಪಿದರೆ ಹೀಗಾಗುತ್ತದೆ. ಮೊಬೈಲನ್ನು ಕೇಬಲಿನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಮೂಲಕ ಇಂಟರ್‌ನೆಟ್ ಪಡೆದು, ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಎಂಬ ಆ್ಯಪ್‌ನಲ್ಲಿ ಬ್ರಾಡ್‌ಕಾಮ್ ಡ್ರೈವರನ್ನು ಆರಿಸಿಕೊಳ್ಳಿ. ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಸುರಕ್ಷತಾ ವ್ಯವಸ್ಥೆ) ಚಾಲೂ ಇದ್ದರೆ, ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ, ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಮಾಡುವಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ (ಡ್ರೈವರಿನ ಸಹಿಯ ಕೀಲಿಯನ್ನು ನಂಬುವಂತೆ ಸೇರಿಸುವ ಆಯ್ಕೆ) ಒತ್ತಿ ಅದೇ ಪಾಸ್‌ವರ್ಡ್ ಕೊಡಬೇಕು. ಉಡುಪಿಯಲ್ಲಿ ನನ್ನ ಹಳೆಯ ಯಂತ್ರಕ್ಕೆ ಇದನ್ನೇ ಮಾಡುವಾಗ, ಆ ಪರದೆಯನ್ನು ಏನೋ ದೋಷವೆಂದು ಭಾವಿಸಿ ‘ಕಂಟಿನ್ಯೂ’ ಒತ್ತಿದ್ದರಿಂದ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.